ವಿಮೆ ಇದೆ ಎಂದು ಕೆಲಸ ಹಿಡಿದಿರಿ, ಈಗ ಕ್ಲೇಮ್ ಹಾಕಿ

ಇವರಿಗೆ,
ಮಾಲೀಕರು, ಮರ ಕಡಿಯುವ ಸೇವೆ, ಬೆಂಗಳೂರು

ವಿಷಯ: ಗುಲ್‌ಮೊಹರ್ ಕೊಂಬೆ ಬಿದ್ದು ಪಕ್ಕದ ಮನೆಗಾದ ನಷ್ಟ

ಮಾನ್ಯರೇ,

ಫೋನಿನಲ್ಲಿ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಈ ಪತ್ರ.

ಕಡಿಮೆ ರೇಟಿಗೆ ಕೊಂಬೆ ಕಡಿಯುವವರು ನಮ್ಮ ಏರಿಯಾದಲ್ಲೇ ಇದ್ದರು. ಬೇರೆಯವರ ಆಸ್ತಿಗೆ ಹಾನಿಯಾದರೆ ನಿಮ್ಮ ಥರ್ಡ್ ಪಾರ್ಟಿ ಇನ್ಶೂರೆನ್ಸ್ ನೋಡಿಕೊಳ್ಳುತ್ತದೆ ಎಂದು ಕೊಟೇಶನ್‌ನಲ್ಲಿ ಬರೆದಿದ್ದಿರಿ. ಆ ಒಂದು ಸಾಲಿಗಾಗಿ ಜಾಸ್ತಿ ದುಡ್ಡು ಕೊಟ್ಟೆ.

ಪಕ್ಕದ ಮನೆ ಮೇಲೆ ಚಾಚಿದ ಕೊಂಬೆಯನ್ನು ಹಗ್ಗ ಕಟ್ಟಿ ತುಂಡು ತುಂಡಾಗಿ ಇಳಿಸಬೇಕು. ಅದು ನಿಮ್ಮ ಕಸುಬಿನ ಮೊದಲ ಪಾಠ, ಅಲ್ವಾ? ಹಗ್ಗ ಗಾಡಿಯಲ್ಲೇ ಉಳಿಯಿತು. ಅಡಿಯಿಂದ ಮೊದಲು ಒಂದು ಕಚ್ಚನ್ನೂ ಹಾಕದೆ, ನೀವು ಕಳಿಸಿದ ಹುಡುಗರು ಮೇಲಿಂದಲೇ ಮಷಿನ್ ಹೊಡೆದರು. ಕೊಂಬೆ ಸೀಳಿಕೊಂಡು ಪಕ್ಕದ ಮನೆಯ ಚಾವಣಿ ಶೀಟಿನ ಮೇಲೆ ಬಿತ್ತು. ಕೆಳಗಿದ್ದ ಸ್ಕೂಟರ್ ಜಜ್ಜಿಹೋಯಿತು. ಆ ಮನೆಯ ಮಗು ಆಗಷ್ಟೇ ಒಳಗೆ ಹೋಗಿತ್ತು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ನಿಮ್ಮ ಆಫೀಸಿಗೆ ಬಂದೆ. ಮ್ಯಾನೇಜರ್ ಕೂತಿದ್ದರು, ನಾನು ನಿಂತಿದ್ದೆ. ಎದುರಿನ ಕುರ್ಚಿಯ ಮೇಲಿದ್ದ ಹೆಲ್ಮೆಟ್ಟನ್ನೂ ಅವರು ಎತ್ತಿಡಲಿಲ್ಲ. ಪಾಲಿಸಿ ನಂಬರ್ ಕೇಳಿದೆ. ‘ಅದು ಕಂಪನಿ ಪೇಪರ್, ನಿಮಗ್ಯಾಕೆ?’ ಎಂದರು. ಹಾಗಾದರೆ ನೀವೇ ಕ್ಲೇಮ್ ಹಾಕಿ ಎಂದೆ. ‘ಆ ಹುಡುಗರು ಸಬ್ ಕಾಂಟ್ರಾಕ್ಟ್. ಪಾಲಿಸಿಯಲ್ಲಿ ಬರಲ್ಲ’ ಎಂದರು. ಕೊನೆಗೆ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ‘ಮರ ನಿಮ್ಮದು ತಾನೇ ಮೇಡಂ? ಮನೇಲಿ ಗಂಡಸರಿದ್ರೆ ಕಳಿಸಿ, ಮಾತಾಡ್ತೀವಿ’ ಎಂದರು. ಕೂತಿದ್ದ ಗಿರಾಕಿಗಳಲ್ಲಿ ಒಬ್ಬರು ನಕ್ಕರು.

ಆ ಹುಡುಗರ ಅಂಗಿಯ ಮೇಲೆ ನಿಮ್ಮ ಕಂಪನಿಯ ಹೆಸರಿತ್ತು. ದುಡ್ಡು ಬಂದದ್ದೂ ನಿಮ್ಮ ಖಾತೆಗೆ. ಸಬ್ ಕಾಂಟ್ರಾಕ್ಟ್‌ನವರಿಗೆ ವಿಮೆ ಇಲ್ಲದಿದ್ದರೆ ಅವರನ್ನು ಮರ ಹತ್ತಿಸುವ ಮೊದಲೇ ಹೇಳಬೇಕಿತ್ತು.

ಪಾಲಿಸಿ ನಿಮ್ಮ ಹೆಸರಲ್ಲಿದೆ. ವಿಮಾ ಕಂಪನಿಗೆ ತಿಳಿಸಬೇಕಾದವರು ನೀವು, ನಾನಲ್ಲ. ತಡವಾದಷ್ಟೂ ಅದನ್ನೇ ಕಾರಣ ಮಾಡಿ ಅವರು ಕ್ಲೇಮ್ ತಳ್ಳಿಹಾಕಬಹುದು. ಇದು ನಿಮಗೆ ಗೊತ್ತು. ಗೊತ್ತಿದ್ದೇ ಸುಮ್ನೆ ಕೂತಿದ್ದೀರಿ. ನಷ್ಟ ಅಳೆಯುವ ವಿಮಾ ಸರ್ವೇಯರ್ ಬಂದು ನೋಡಲಿ ಅಂತ ಪಕ್ಕದವರು ಒಡೆದ ಶೀಟನ್ನು ಹಾಗೇ ಬಿಟ್ಟು, ಮಳೆಗೆ ಟಾರ್ಪಾಲು ಹೊದಿಸಿದ್ದಾರೆ. ನನ್ನ ಜೊತೆ ಮಾತೂ ಬಿಟ್ಟಿದ್ದಾರೆ.

ಈ ಪತ್ರ ತಲುಪಿದ 7 ದಿನದೊಳಗೆ ಕ್ಲೇಮ್ ಹಾಕಿ, ಅದರ ನಂಬರ್ ಮತ್ತು ಪಾಲಿಸಿಯ ಪ್ರತಿ ಕಳಿಸಿ. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕೊಟೇಶನ್, ರಸೀದಿ, ಕೊಂಬೆ ಬಿದ್ದ ವಿಡಿಯೊ ಎಲ್ಲ ನನ್ನ ಹತ್ತಿರವಿದೆ. ಶೀಟು, ಸ್ಕೂಟರ್ ಖರ್ಚಿನ ಜೊತೆ ಮಾನಸಿಕ ಹಿಂಸೆಗೂ ಪರಿಹಾರ ಕೇಳುತ್ತೇನೆ. ಮನೆಯ ಗಂಡಸರು ಯಾರೂ ಬರುವುದಿಲ್ಲ, ನಾನೇ ಬರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ