ಹಲ್ಲುನೋವನ್ನು ದೀಪಾವಳಿಯವರೆಗೆ ಕಾಯಿಸಬೇಡ

ಶಿರಸಿ

ಚಿರಂಜೀವಿ ಮೇಧಾಳಿಗೆ ನಿನ್ನ ಶಿರಸಿ ಅತ್ತೆಯ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕೆಲವು ವಾರಗಳಿಂದ ಎಡದವಡೆಯಲ್ಲಿ ಅಗಿಯುವುದನ್ನೇ ಬಿಟ್ಟಿರುವೆ, ಲವಂಗದ ಎಣ್ಣೆ ಮತ್ತು ಊರಿನಿಂದ ಒಯ್ದ ಮಾತ್ರೆಗಳಲ್ಲಿ ದಿನ ದೂಡುತ್ತಿರುವೆ, ಡ್ರೆಸ್ಡೆನ್ನಿನ ದಂತವೈದ್ಯರ ಮುಂದೆ ಜರ್ಮನ್ ಮಾತಾಡುವ ಧೈರ್ಯವಿಲ್ಲದೆ ದೀಪಾವಳಿಗೆ ಬಂದಾಗ ಇಲ್ಲಿಯೇ ತೋರಿಸಿದರಾಯಿತೆಂದುಕೊಂಡಿರುವೆ ಎಂದು ನಿನ್ನ ಆಯಿ ಮೊನ್ನೆ ಫೋನಿನಲ್ಲಿ ಹೇಳಿದಳು. ಅಷ್ಟು ದಿನ ಕಾಯುವುದು ಸರಿಯಲ್ಲವೆಂದು ಸ್ಪಷ್ಟವಾಗಿ ತಿಳಿಸಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ತಣ್ಣೀರು ತಾಗಿದಾಗ ಕ್ಷಣಮಾತ್ರ ಜುಮ್ಮೆಂದು ನಿಂತುಹೋಗುವ ಹಲ್ಲಿಗೆ ಬಹುಮಟ್ಟಿಗೆ ಹುಳುಕು ತೆಗೆದು ಸಿಮೆಂಟು ತುಂಬಿದರೆ ಸಾಕಾಗುತ್ತದೆ. ಬಿಸಿ ಚಹಾ ಕುಡಿದ ಮೇಲೆ ಬಹಳ ಹೊತ್ತು ಸಿಡಿಯುವ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಾದರೆ ಹಲ್ಲಿನೊಳಗಿನ ನರ ಸಾಯುವ ದಾರಿಯಲ್ಲಿದೆ ಎಂದು ತಿಳಿಯಬೇಕು. ಆಗ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಅಂಥ ನೋವು ಒಂದು ದಿನ ತಾನಾಗಿ ನಿಂತುಹೋದರೆ ವಾಸಿಯಾಯಿತೆಂದು ಸಂತೋಷಪಡಬೇಡ. ನರ ಸತ್ತು, ಬೇರಿನ ತುದಿಯಲ್ಲಿ ಕೀವು ಕಟ್ಟತೊಡಗುವ ಕಾಲವೂ ಅದೇ ಆಗಿರಬಹುದು. ಲವಂಗದ ಎಣ್ಣೆ ನೋವನ್ನು ಸ್ವಲ್ಪ ಮರೆಸುತ್ತದೆಯೇ ಹೊರತು ಹುಳುಕನ್ನು ನಿಲ್ಲಿಸುವುದಿಲ್ಲ, ಮೇಲಾಗಿ ವಸಡಿಗೆ ತಗುಲಿದರೆ ಸುಡುತ್ತದೆ. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ 112ಕ್ಕೆ ಕರೆ ಮಾಡು. ಆಗ ಭಾಷೆಯ ಸಂಕೋಚವೆಲ್ಲ ಪಕ್ಕಕ್ಕಿರಲಿ.

ಇನ್ನು ಭಾಷೆಯ ವಿಷಯ. ನಾನು ಕಾರವಾರದಲ್ಲಿ ದಂತವೈದ್ಯೆಯಾಗಿ ವೃತ್ತಿ ಆರಂಭಿಸಿದಾಗ ಬೈತಖೋಲದ ಮೀನುಗಾರ ಹೆಂಗಸರು ನನಗಾಗ ಸರಿಯಾಗಿ ಬಾರದಿದ್ದ ಕೊಂಕಣಿಯಲ್ಲಿ ನೋವು ಹೇಳುತ್ತಿದ್ದರು. ಶಿರಸಿಗೆ ಬಂದ ಮೇಲೆ ಯಲ್ಲಾಪುರದ ಕಡೆಯ ಸಿದ್ದಿಗಳು ತಮ್ಮದೇ ಬಗೆಯ ಕೊಂಕಣಿಯಲ್ಲಿ, ಗೌಳಿಗರು ಮರಾಠಿಯಲ್ಲಿ, 1966ರಿಂದ ನೆಲೆನಿಂತ ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಹಿರಿಯರು ನನಗೆ ಒಂದಕ್ಷರವೂ ತಿಳಿಯದ ಟಿಬೆಟನ್ನಿನಲ್ಲಿ ಹೇಳುತ್ತಿದ್ದರು. ಆ ಅನುಭವದಿಂದ ಹೇಳುತ್ತೇನೆ: ದಂತವೈದ್ಯನಿಗೆ ರೋಗಿಯ ಭಾಷಾಪಾಂಡಿತ್ಯ ಬೇಕಾಗಿಲ್ಲ. ಯಾವ ಹಲ್ಲು, ಎಂದಿನಿಂದ, ಯಾವುದರಿಂದ ನೋವು ಹೆಚ್ಚುತ್ತದೆ, ಬೇರೆ ಯಾವ ಕಾಯಿಲೆ ಇದೆ, ಯಾವ ಮಾತ್ರೆ ನಡೆಯುತ್ತಿದೆ, ಯಾವ ಔಷಧ ಒಗ್ಗುವುದಿಲ್ಲ ಎಂಬಷ್ಟು ಸಂಗತಿಗಳು ಸಿಕ್ಕಿದರೆ ಉಳಿದದ್ದನ್ನು ಕನ್ನಡಿ, ಎಕ್ಸ್‌ರೇ ಮತ್ತು ಹಲ್ಲಿನ ಮೇಲೆ ಮೆಲ್ಲನೆ ತಟ್ಟುವ ಸಲಕರಣೆಯ ಹಿಡಿ ಹೇಳುತ್ತವೆ. ಕ್ಯಾಂಪಿನಿಂದ ಬರುತ್ತಿದ್ದ ಒಬ್ಬ ವೃದ್ಧ ಲಾಮಾ ಬಾಯಿಯ ಚಿತ್ರ ಬರೆದು, ನೋಯುವ ಜಾಗಕ್ಕೆ ಗುರುತು ಹಾಕಿ, ತಾವು ನುಂಗುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು. ಸೊಗಸಾಗಿ ಕನ್ನಡ ಮಾತಾಡುತ್ತಲೇ ರಕ್ತದೊತ್ತಡದ ಸಂಗತಿ ಮುಚ್ಚಿಡುತ್ತಿದ್ದ ನಮ್ಮವರಿಗಿಂತ ಅವರಿಗೆ ಚಿಕಿತ್ಸೆ ಮಾಡುವುದು ಎಷ್ಟೋ ಸುಲಭವಾಗಿತ್ತು.

ಆದ್ದರಿಂದ ಮೊದಲು ಒಂದು ಹಾಳೆಯನ್ನು ಸಿದ್ಧಪಡಿಸಿಕೊ. ನೋವನ್ನು ವರ್ಣಿಸುವ ಮಾತುಗಳಿಗಾಗಿ ನಿಘಂಟು ಹುಡುಕುತ್ತ ಕೂರಬೇಡ. ತಣ್ಣಗಿನದು ತಾಗಿದರೆ ನೋಯುತ್ತದೆಯೋ ಬಿಸಿ ತಾಗಿದರೋ, ನೋವು ಎಷ್ಟು ಹೊತ್ತು ಉಳಿಯುತ್ತದೆ, ರಾತ್ರಿ ಎಚ್ಚರವಾಗುತ್ತದೆಯೋ, ಕಚ್ಚುವಾಗ ನೋಯುತ್ತದೆಯೋ ಅಥವಾ ಕಚ್ಚಿ ಬಿಡುವಾಗಲೋ ಎಂಬುದನ್ನು ಬರೆ. ಕೊನೆಯದು ನಿನಗೆ ಕ್ಷುಲ್ಲಕವೆನಿಸಬಹುದು. ಆದರೆ ಕಚ್ಚಿ ಬಿಡುವ ಕ್ಷಣದಲ್ಲಿ ಚಳಕು ಹೊಡೆಯುವ ಹಲ್ಲು ಬಿರುಕು ಬಿಟ್ಟಿರುವ ಸಂಭವವಿದ್ದು, ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದುಂಟು.

ಹಲ್ಲಿನ ಸಂಖ್ಯೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮಲ್ಲಿಯೂ ಜರ್ಮನಿಯಲ್ಲಿಯೂ ಸಾಮಾನ್ಯವಾಗಿ ಎರಡಂಕಿಯ ಪದ್ಧತಿ ನಡೆಯುತ್ತದೆ. ಮೊದಲ ಅಂಕಿ ಬಾಯಿಯ ಕಾಲುಭಾಗವನ್ನೂ, ಎರಡನೆಯದು ಮುಂಭಾಗದ ನಡುವಿನಿಂದ ಎಣಿಸಿದಾಗ ಹಲ್ಲಿನ ಸ್ಥಾನವನ್ನೂ ಸೂಚಿಸುತ್ತವೆ. ಹಾಗಾಗಿ ಕೆಳಗಿನ ಎಡಭಾಗದ ಮೊದಲ ದೊಡ್ಡ ದವಡೆ ಹಲ್ಲು 36. ಅಮೆರಿಕದಲ್ಲಿ 1ರಿಂದ 32ರವರೆಗೆ ಸಾಲಾಗಿ ಎಣಿಸುವುದರಿಂದ ಅದೇ ಹಲ್ಲು ಅಲ್ಲಿ 19 ಆಗುತ್ತದೆ. ನಮ್ಮ ಲೆಕ್ಕದ 16 ಮೇಲಿನ ಬಲಗಡೆಯ ಮೊದಲ ದೊಡ್ಡ ದವಡೆ ಹಲ್ಲಾದರೆ, ಅಮೆರಿಕದ 16 ಮೇಲಿನ ಎಡಗಡೆಯ ಬುದ್ಧಿಹಲ್ಲು. ಅಂತರ್ಜಾಲದಲ್ಲಿ ಸಿಕ್ಕಿದ ಯಾವುದೋ ಚಿತ್ರ ನೋಡಿ ಸಂಖ್ಯೆ ಬರೆದುಕೊಂಡು ಹೋಗಬೇಡ. ಎಡ, ಬಲ ಎಂದರೆ ಯಾವಾಗಲೂ ರೋಗಿಯ ಎಡ, ಬಲ. ಅಷ್ಟರ ಮೇಲೂ ಕೀಳುವ ಮಾತು ಬಂದಾಗ ಸಂಖ್ಯೆಯನ್ನೇ ನಂಬದೆ ಬೆರಳಿಟ್ಟು ತೋರಿಸು.

ಮಾತ್ರೆಗಳ ಹೆಸರು ಬರೆಯುವಾಗ ನಮ್ಮ ಅಂಗಡಿಗಳಲ್ಲಿ ನಡೆಯುವ ಕಂಪನಿಯ ಹೆಸರು ಬೇಡ, ಒಳಗಿರುವ ಔಷಧದ ಹೆಸರನ್ನೇ ಬರೆ. ಕ್ರೋಸಿನ್, ಡೋಲೊ ಎಂದರೆ ಅಲ್ಲಿಯವರಿಗೆ ಏನೂ ತಿಳಿಯದು, ಪ್ಯಾರಾಸಿಟಮಾಲ್ ಎಂದರೆ ತಿಳಿಯುತ್ತದೆ. ಡೋಲೊ ಮಾತ್ರೆ 650 ಮಿಲಿಗ್ರಾಮಿನದು, ಅಲ್ಲಿ ಸಾಮಾನ್ಯವಾಗಿ ಸಿಗುವುದು 500ರದು. ನಿನ್ನ ಆಯಿ ಕಟ್ಟಿಕೊಟ್ಟ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಇವೆ. ಅದನ್ನು ನುಂಗುತ್ತಲೇ ಅಲ್ಲಿಯ ಔಷಧದಂಗಡಿಯಿಂದ ತಂದ ಐಬುಪ್ರೊಫೆನ್ನನ್ನೂ ನುಂಗಿದರೆ ಒಂದೇ ಔಷಧ ಇಮ್ಮಡಿಯಾಗುತ್ತದೆ. ಮನೆಯ ಡಬ್ಬಿಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಇದ್ದರೂ ನೀನಾಗಿ ಆರಂಭಿಸಬೇಡ, ಏಕೆಂದರೆ ಹಲ್ಲಿನೊಳಗೆ ಸತ್ತ ನರಕ್ಕೆ ರಕ್ತವೇ ಹರಿಯದಿರುವಾಗ ಮಾತ್ರೆ ಅಲ್ಲಿಗೆ ತಲುಪಲಾರದು. ಚಿಕ್ಕವಳಿದ್ದಾಗ ಪೆನಿಸಿಲಿನ್ ಜಾತಿಯ ಔಷಧದಿಂದ ನಿನ್ನ ಮೈಮೇಲೆ ಗಂಧೆ ಎದ್ದದ್ದನ್ನು ಹಾಳೆಯ ಮೊದಲ ಸಾಲಿನಲ್ಲಿಯೇ, ದಪ್ಪ ಅಕ್ಷರದಲ್ಲಿ ಬರೆ.

ಈ ಹಾಳೆಯನ್ನು ಕನ್ನಡದಿಂದ ನೇರವಾಗಿ ಯಂತ್ರಾನುವಾದ ಮಾಡಿಸುವ ಬದಲು, ನಿನಗೆ ಚೆನ್ನಾಗಿ ಬರುವ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಾಗಿ ಬರೆದು ಜರ್ಮನಿಗೆ ತಿರುಗಿಸು; ಬಂದ ಜರ್ಮನನ್ನು ಮತ್ತೆ ಇಂಗ್ಲಿಷಿಗೆ ತಂದು ನೋಡು. 'ಇಲ್ಲ', 'ಬೇಡ' ಎಂಬರ್ಥದ ಮಾತುಗಳೂ ಅಂಕಿಗಳೂ ಮೊದಲಿನಂತೆಯೇ ಇವೆಯೇ ಎಂಬುದನ್ನು ವಿಶೇಷವಾಗಿ ಪರಿಶೀಲಿಸು.

ಸಮಯ ಗೊತ್ತುಮಾಡಿಕೊಳ್ಳಲು ಫೋನು ಮಾಡುವುದೇ ಎಲ್ಲಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಮುಖವೂ ಕಾಣುವುದಿಲ್ಲ, ಕೈಸನ್ನೆಯೂ ನಡೆಯುವುದಿಲ್ಲ. ವೈದ್ಯರಲ್ಲಿ ಅನೇಕರಿಗೆ ಇಂಗ್ಲಿಷ್ ಬಂದರೂ ಫೋನೆತ್ತುವವರಿಗೆ ಬರದಿರಬಹುದು. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ವಿಮೆಯ ಕಾರ್ಡನ್ನೂ ಈ ಹಾಳೆಯನ್ನೂ ಹಿಡಿದು ನೀನೇ ಹೋಗಿ, ನೋವಿದೆ ಎನ್ನಲು 'ಶ್ಮೆರ್ಟ್ಸೆನ್' ಎಂದು ಹೇಳು. ತೀವ್ರ ನೋವಿರುವವರನ್ನು ಸಾಮಾನ್ಯವಾಗಿ ಅದೇ ದಿನ ನೋಡುತ್ತಾರೆ, ಆದರೆ ಕಾಯಬೇಕಾದೀತು. ರಾತ್ರಿ ಮತ್ತು ವಾರಾಂತ್ಯಕ್ಕೆ 'ನೋಟ್‌ಡೀನ್ಸ್ಟ್' ಎಂಬ ಪಾಳಿಯ ವ್ಯವಸ್ಥೆಯಿದೆ.

ಜೊತೆಗೆ ಯಾರನ್ನಾದರೂ ಕರೆದೊಯ್ಯುವುದಾದರೆ, ನೀನು ಹೇಳಿದ್ದನ್ನು ಹೇಳುವವರನ್ನು ಆರಿಸಿಕೊ, ನಿನ್ನ ಪರವಾಗಿ ತೀರ್ಮಾನ ಮಾಡುವವರನ್ನಲ್ಲ. ಸೊಸೆಯ ನೋವನ್ನು ಅತ್ತೆ, ಹೆಂಡತಿಯ ನೋವನ್ನು ಗಂಡ ತಮ್ಮ ಮಾತಿನಲ್ಲಿ ಹೇಳಿ ಮುಗಿಸುವುದನ್ನು ನಾನು ಕನ್ನಡದಲ್ಲಿಯೇ ಬೇಕಾದಷ್ಟು ಕೇಳಿದ್ದೇನೆ. ದುಭಾಷಿಯ ಖರ್ಚನ್ನು ಅಲ್ಲಿಯ ಸಾರ್ವಜನಿಕ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ 2013ರಲ್ಲಿ ಜರ್ಮನಿಯ ನಾಗರಿಕ ಸಂಹಿತೆಗೆ ಸೇರಿಸಿದ 630ಇ ಕಲಮಿನ ಪ್ರಕಾರ, ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಬೇರೆ ದಾರಿಗಳನ್ನು ರೋಗಿಗೆ ತಿಳಿಯುವಂತೆ ಬಾಯಿಮಾತಿನಲ್ಲಿ, ಯೋಚಿಸಲು ಸಮಯವಿರುವಂತೆ ವಿವರಿಸುವುದು ವೈದ್ಯರ ಕರ್ತವ್ಯ. ಇನ್ನೊಮ್ಮೆ ಹೇಳಿ ಎಂದು ಕೇಳಲು ನೀನು ನಾಚಿಕೊಳ್ಳಬೇಕಾಗಿಲ್ಲ.

ನನಗೆ ಅತಿ ಹೆಚ್ಚು ಚಿಂತೆಯಿರುವುದು ಇಲ್ಲಿಯೇ, ಕೂಸೆ. ಅರ್ಥವಾಗದಿದ್ದರೂ ಎದುರಿನವರಿಗೆ ಬೇಸರವಾಗಬಾರದೆಂದು 'ಹೂಂ' ಎನ್ನುವುದು ನಮ್ಮ ಮನೆತನದ ಅಭ್ಯಾಸ. ನಿನ್ನ ಅಪ್ಪಯ್ಯನೂ ಅದರಲ್ಲಿ ಹಿಂದೆ ಬಿದ್ದವನಲ್ಲ. ಸಭ್ಯತೆಗಾಗಿ ಹಾಕಿದ ಆ ಹೂಂಕಾರವನ್ನು ದಂತವೈದ್ಯ ಒಪ್ಪಿಗೆಯೆಂದು ತಿಳಿದು ಕೆಲಸ ಆರಂಭಿಸುತ್ತಾನೆ. ನಾವು ಒಪ್ಪಿಗೆಗೆ ತಲೆಯನ್ನು ಪಕ್ಕಕ್ಕೆ ತೂಗಿಸುವುದು ಅಲ್ಲಿಯವರಿಗೆ ನಿರಾಕರಣೆಯಂತೆ ಕಂಡರೂ ಕಾಣಬಹುದು. ಹಾಗಾಗಿ ತಲೆಯಾಡಿಸುವುದನ್ನೇ ಬಿಟ್ಟು ಬಾಯಿಬಿಟ್ಟು ಹೌದು, ಅಲ್ಲ ಎಂದು ಹೇಳು. ವೈದ್ಯರು ವಿವರಿಸಿದ್ದನ್ನು ನಿನ್ನ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಕೇಳು. ಕೆನ್ನೆಯ ಊತ, ತಡೆಯಲಾರದ ನೋವುಗಳನ್ನು ಬಿಟ್ಟರೆ ಅದೇ ಗಳಿಗೆಯಲ್ಲಿ ಒಪ್ಪಿಕೊಳ್ಳಲೇಬೇಕಾದ ಚಿಕಿತ್ಸೆಗಳು ಹಲ್ಲಿನ ವಿಷಯದಲ್ಲಿ ಕಡಿಮೆ.

ಹಣದ ಮಾತೂ ಇದಕ್ಕೆ ಸೇರಿದ್ದೇ. ನಿನ್ನ ಸಂಬಳದಿಂದ ಕಡಿತವಾಗುವ ಸಾರ್ವಜನಿಕ ವಿಮೆಯಲ್ಲಿ ತಪಾಸಣೆ, ಸಾಮಾನ್ಯ ಫಿಲ್ಲಿಂಗ್, ಹಲ್ಲು ಕೀಳಿಸುವುದು ಒಳಗೊಂಡಿವೆ. ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಕೆಲವು ಷರತ್ತುಗಳಿವೆ. ಕ್ಯಾಪು, ಬ್ರಿಡ್ಜುಗಳಿಗೆ ಮೊದಲು 'ಹೈಲ್ ಉಂಡ್ ಕೋಸ್ಟೆನ್‌ಪ್ಲಾನ್' ಎಂಬ ಚಿಕಿತ್ಸೆ ಮತ್ತು ಖರ್ಚಿನ ಅಂದಾಜು ತಯಾರಾಗಿ, ವಿಮೆಯವರ ಮಂಜೂರಾತಿ ಬಂದ ಮೇಲೆಯೇ ಕೆಲಸ ಶುರುವಾಗಬೇಕು. ಸಾಧಾರಣ ಮಟ್ಟದ ಚಿಕಿತ್ಸೆಗೆ ತಗಲುವ ಖರ್ಚಿನಲ್ಲಿ ಶೇಕಡಾ 60 ಭಾಗವನ್ನು ವಿಮೆ ಕೊಡುತ್ತದೆ. ಐದು ವರ್ಷ ತಪ್ಪದೆ ತಪಾಸಣೆ ಮಾಡಿಸಿ 'ಬೋನುಸ್‌ಹೆಫ್ಟ್' ಎಂಬ ಪುಸ್ತಿಕೆಯಲ್ಲಿ ದಾಖಲೆಯಿದ್ದರೆ 70, ಹತ್ತು ವರ್ಷವಾದರೆ 75. ಇಂದೇ ಆ ಪುಸ್ತಿಕೆಯನ್ನು ಕೇಳಿ ಪಡೆ. ವಿಮೆಯ ಹೊರಗಿನ ಕ್ಲೀನಿಂಗನ್ನೋ ದುಬಾರಿ ಫಿಲ್ಲಿಂಗನ್ನೋ ಸೂಚಿಸಿದರೆ ಅದು ಮೋಸವೆಂದು ಭಾವಿಸಬೇಡ, ಆದರೆ ಮೊತ್ತವನ್ನು ಬರೆದುಕೊಡಲು ಹೇಳಿ ಮನೆಗೆ ಒಯ್ದು ಓದು.

ಬಾಯಿ ತೆರೆದು ಮಲಗಿದ ಮೇಲೆ ಜರ್ಮನರಿಗೂ ಜರ್ಮನ್ ಬಾರದು ಎಂಬುದೊಂದು ಸಮಾಧಾನ. ಎಡಗೈ ಎತ್ತಿದರೆ ನಿಲ್ಲಿಸಬೇಕೆಂದು ಕೆಲಸ ಆರಂಭಿಸುವ ಮೊದಲೇ ಒಪ್ಪಂದ ಮಾಡಿಕೊ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೂ ನೋವು ಉಳಿದಿದ್ದರೆ ಸಹಿಸಿಕೊಂಡು ಸುಮ್ಮನಿರಬೇಡ, ಕೈ ಎತ್ತು. ಹೊರಡುವ ಮುನ್ನ ಯಾವ ಮಾತ್ರೆ, ಎಷ್ಟು ದಿನ, ಮತ್ತೆ ಯಾವಾಗ ಬರಬೇಕು, ಏನಾದರೆ ಕೂಡಲೇ ಬರಬೇಕು ಎಂಬುದನ್ನು ಬರೆಸಿಕೊ. ಮರಗಟ್ಟಿದ ತುಟಿ ಮೊದಲಿನಂತಾಗುವವರೆಗೆ ಏನನ್ನೂ ಅಗಿಯಬೇಡ.

ಬೇಸಿಗೆಗೆ ನಿನ್ನ ಅಪ್ಪಯ್ಯ ಅಲ್ಲಿಗೆ ಬರುವ ವಿಚಾರವಿದೆಯಲ್ಲ. ಅವನ ಹಲ್ಲುಗಳನ್ನು ಇಲ್ಲಿಯೇ ಪರೀಕ್ಷಿಸಿ ಕಳುಹಿಸುತ್ತೇನೆ, ಏಕೆಂದರೆ ಪ್ರವಾಸದ ವಿಮೆಗಳು ಹೆಚ್ಚಾಗಿ ಹಠಾತ್ ನೋವಿನ ಉಪಶಮನಕ್ಕಷ್ಟೇ ಹಣ ಕೊಡುತ್ತವೆ. ಅವನು ಕವಳ ಹಾಕುವುದನ್ನು ಮಾತ್ರ ಅಲ್ಲಿಯ ವೈದ್ಯರಿಗೆ ಮರೆಮಾಚಬೇಡ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಬಾಯಿಯ ಒಳಚರ್ಮ ಬಿಗಿದು ಬಾಯಿ ತೆರೆಯದಂತಾಗುವ ಕಾಯಿಲೆಗೂ ಅದೇ ಮುಖ್ಯ ಕಾರಣ. ಅಡಿಕೆ ತೋಟದ ಆದಾಯದಲ್ಲಿ ಓದಿದ ನಾನು ಇದನ್ನು ಹೇಳುವುದು ನಿನ್ನ ಅಪ್ಪಯ್ಯನಿಗೆ ಹಿಡಿಸುವುದಿಲ್ಲ, ಇರಲಿ. ಜರ್ಮನಿಯ ವೈದ್ಯರು ಅಂಥ ಬಾಯಿಯನ್ನು ನೋಡಿರುವುದು ಅಪರೂಪವಾದ್ದರಿಂದ ಎಲೆ, ಅಡಿಕೆ, ಸುಣ್ಣ, ತಂಬಾಕು ಎಂದು ಬಿಡಿಸಿ ಬರೆದುಕೊಡು. ಅವನು ನುಂಗುವ ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್. ಹಲ್ಲು ಕೀಳಿಸುವ ನೆಪದಲ್ಲಿ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಇದೇ ವಾರದಲ್ಲಿ ಹೋಗಿ ಬಾ. ಎಕ್ಸ್‌ರೇಯ ಪ್ರತಿಯನ್ನು ಕೇಳಿ ಪಡೆದು ನನಗೆ ಕಳುಹಿಸಿದರೆ ನೋಡಿ ಅಭಿಪ್ರಾಯ ತಿಳಿಸುತ್ತೇನೆ. ನಾನು ಫೋಟೋದಲ್ಲಿ ನೋಡಿ ಹೇಳಿದ್ದಕ್ಕೂ ಅಲ್ಲಿಯ ವೈದ್ಯರು ಬಾಯಿಯಲ್ಲಿ ನೋಡಿ ಹೇಳಿದ್ದಕ್ಕೂ ವ್ಯತ್ಯಾಸ ಬಂದರೆ, ಅವರಿಂದ ಕಾರಣವನ್ನು ಕೇಳಿ ತಿಳಿದುಕೊಂಡು ಅವರ ಮಾತಿನಂತೆಯೇ ನಡೆ.

ಇತಿ,
ನಿನ್ನ ಶಿರಸಿ ಅತ್ತೆ