ಯಾವ ತುಂಡಿಗೆ ಎಷ್ಟು ಉರಿ: ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮ,

ನಿನ್ನ ಪತ್ರ ಸಿಕ್ಕಿತು. ಎಲ್ಲರೂ ಚೆನ್ನಾಗಿದ್ದೀರಿ ಅಂತ ಓದಿ ಖುಷಿಯಾಯಿತು. ನಾನೂ ಆರಾಮಾಗಿದ್ದೇನೆ. ಅಮ್ಮನಿಗೆ ಕೈನೋವು ಅಂತ ಅಡುಗೆಯನ್ನು ನೀನೇ ವಹಿಸಿಕೊಂಡಿದ್ದೀಯಲ್ಲ, ಅದು ನನಗೆ ದೊಡ್ಡ ಸಮಾಧಾನ.

ಮಟನ್ ಬೇಯಿಸಿದರೆ ಕೆಲವು ತುಂಡು ರಬ್ಬರಿನಂತೆ, ಕೆಲವು ನಾರು ನಾರಾಗಿ ಒಣಗಿರುತ್ತವೆ, ಯಾಕೆ ಅಂತ ಕೇಳಿದ್ದೀಯ. ಬೇರೆ ಬೇರೆ ಭಾಗದ ತುಂಡುಗಳನ್ನು ಒಟ್ಟಿಗೆ ಕುಕ್ಕರಿಗೆ ಹಾಕಿದರೆ ಹಾಗೇ ಆಗುವುದು. ಇಲ್ಲಿ ನಾನು ಕೆಲಸ ಮಾಡುವ ಅಡುಗೆಮನೆಯಲ್ಲಿ ಮಾಂಸ ಬಂದ ಕೂಡಲೇ ಅದು ಯಾವ ಭಾಗದ್ದು ಅಂತ ನೋಡಿ ಬೇರೆ ಮಾಡುತ್ತೇವೆ. ಮಸಾಲೆಯ ಮಾತು ಆಮೇಲೆ.

ಪ್ರಾಣಿ ಯಾವ ಭಾಗವನ್ನು ಜಾಸ್ತಿ ದುಡಿಸುತ್ತದೋ ಆ ಭಾಗ ಗಟ್ಟಿ. ಮುಂಗಾಲು, ಭುಜ, ಕತ್ತು, ಮೊಣಕಾಲಿನ ಕೆಳಗಿನ ಮಾಂಸ ಎಲ್ಲ ಈ ಗುಂಪು. ಬೆನ್ನೆಲುಬಿನ ಪಕ್ಕದ ಮಾಂಸಕ್ಕೆ, ಅಂದರೆ ಚಾಪ್ಸ್ ಬರುವ ಭಾಗಕ್ಕೆ, ಅಷ್ಟು ಕೆಲಸವಿಲ್ಲ. ಅದು ಮೊದಲಿನಿಂದಲೇ ಮೆತ್ತಗಿರುತ್ತದೆ.

ದುಡಿದ ಮಾಂಸದಲ್ಲಿ ಕೊಲಾಜೆನ್ ಅನ್ನುವ ಪ್ರೋಟೀನ್ ಜಾಸ್ತಿ. ಮಾಂಸದ ಎಳೆಗಳನ್ನು ಬಿಗಿಯಾಗಿ ಹಿಡಿದಿಡುವುದು ಅದೇ. ಸುಮಾರು 70 ಡಿಗ್ರಿ ದಾಟಿದ ಮೇಲೆ, ತೇವದಲ್ಲಿ ಗಂಟೆಗಟ್ಟಲೆ ಇದ್ದರೆ, ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಮೂಳೆ ಬೇಯಿಸಿದ ನೀರು ತಣ್ಣಗಾದಾಗ ಗಟ್ಟಿಯಾಗುತ್ತದಲ್ಲ, ಅದು ಈ ಜೆಲಟಿನ್. ಎಳೆಗಳ ರಸ ಎಷ್ಟೋ ಹೋಗಿದ್ದರೂ ಬಾಯಿಗೆ ಮಾಂಸ ಒಣ ಅನ್ನಿಸದಿರುವುದು ಇದರಿಂದಲೇ. ಹಾಗಾಗಿ ಮುಂಗಾಲು, ಭುಜಕ್ಕೆ ಮುಚ್ಚಳ ಮುಚ್ಚು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಸಣ್ಣ ಉರಿ ಇಡು, ಎರಡು ಮೂರು ಗಂಟೆ ಬಿಡು. ಕೊತಕೊತ ಕುದಿಸಬೇಡ. ನಡುವೆ ಚುಚ್ಚಿ ನೋಡಿದರೆ ಇನ್ನೂ ಗಟ್ಟಿಯಾಗಿದೆ ಅನ್ನಿಸಬಹುದು. ಕೆಡಲಿಲ್ಲ, ಇನ್ನಷ್ಟು ಹೊತ್ತು ಬೇಕು ಅಷ್ಟೇ.

ಅಷ್ಟು ಹೊತ್ತು ಇಲ್ಲದಿದ್ದರೆ ಕುಕ್ಕರ್ ಇದೆ. ಒತ್ತಡದಲ್ಲಿ ಒಳಗಿನ ಕಾವು 120 ಡಿಗ್ರಿ ಹತ್ತಿರ ಹೋಗುವುದರಿಂದ ಕೊಲಾಜೆನ್ ಬೇಗ ಕರಗುತ್ತದೆ. ಆದರೆ ಅದೇ ಕುಕ್ಕರಿಗೆ ಚಾಪ್ಸ್ ಹಾಕಬೇಡ ಕಣೋ. ಅದರಲ್ಲಿ ಕರಗಲು ಅಷ್ಟು ಕೊಲಾಜೆನ್ನೇ ಇಲ್ಲ, ರಸ ಮಾತ್ರ ಹೋಗುತ್ತದೆ. ಒಳ್ಳೆಯ ಮಾಂಸ ಹಾಗೆ ಹಾಳಾಗುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಚಾಪ್ಸ್ ಅನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಕಾದ ದಪ್ಪ ತಳದ ಬಾಣಲೆಯಲ್ಲಿ ಎರಡೂ ಕಡೆ ಹುರಿ. ಒರೆಸುವುದು ಸುಮ್ನೆ ಅಲ್ಲ. ಮೇಲೆ ನೀರಿದ್ದಷ್ಟು ಹೊತ್ತು ಅಲ್ಲಿಯ ಕಾವು 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣ ಮತ್ತು ಆ ಘಮ ಚೆನ್ನಾಗಿ ಬರಲು 140ರ ಆಸುಪಾಸು ಬೇಕು. ಒಂದೇ ಸಲ ಬಾಣಲೆ ತುಂಬಿದರೂ ನೀರು ಬಿಡುತ್ತದೆ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ತಗೋ. ನಡುವಿನಲ್ಲಿ 63 ಡಿಗ್ರಿ ತೋರಿಸಿದಾಗ ಇಳಿಸಿ, ಕನಿಷ್ಠ 3 ನಿಮಿಷ ಬಿಟ್ಟು ಬಡಿಸು. ಕೈಮಾಗೆ ಈ ಲೆಕ್ಕ ಬೇಡ. ಅರೆಯುವಾಗ ಮೇಲಿನ ರೋಗಾಣು ಒಳಗೆಲ್ಲ ಸೇರುತ್ತದೆ, ಅದಕ್ಕೆ 71 ಆಗಲೇಬೇಕು.

ತೊಡೆ ಎರಡರ ನಡುವಿನದು. ಎಳೆಯ ಪ್ರಾಣಿಯದಾದರೆ ಇಡಿಯಾಗಿ ಸುಡಬಹುದು, ಬಲಿತದ್ದಾದರೆ ಸಣ್ಣ ಉರಿಯೇ ಸರಿ.

ಕೋಳಿಯಲ್ಲೂ ಇದೇ ಕತೆ. ಎದೆ 74ಕ್ಕೆ ಆಯಿತು, ಆಮೇಲೆ ಒಣಗುತ್ತಾ ಹೋಗುತ್ತದೆ. ಕಾಲು 80 ದಾಟಿದರೇ ಚೆನ್ನ. ಕಾಲನ್ನು ಮೊದಲು ಹಾಕಿ, ಎದೆಯ ತುಂಡು ಆಮೇಲೆ ಸೇರಿಸು.

ಮಾಂಸ ಮೆತ್ತಗಾಗಲು ಪರಂಗಿಕಾಯಿ ಹಚ್ಚಿದರೆ ಸಾಲದೇ ಅಂತ ಕೇಳಿದ್ದೀಯ. ಅದು ಮೇಲ್ಪದರಕ್ಕೆ ಮಾತ್ರ. ಜಾಸ್ತಿ ಹೊತ್ತು ಬಿಟ್ಟರೆ ಮೇಲೆ ಹಿಟ್ಟು ಹಿಟ್ಟು, ಒಳಗೆ ಗಟ್ಟಿ. ನನಗೆ ಇಷ್ಟವಿಲ್ಲ. ಮಾಂಸದ ಮೇಲೆ ಬೆಳ್ಳಿಯಂತೆ ಹೊಳೆಯುವ ಪೊರೆ ಇದ್ದರೆ ಚಾಕುವಿನಿಂದ ಎತ್ತಿ ತೆಗೆದುಬಿಡು. ಅದರಲ್ಲಿ ಎಲಾಸ್ಟಿನ್ ಅನ್ನುವ ಇನ್ನೊಂದು ಪ್ರೋಟೀನ್ ಇರುತ್ತದೆ, ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಬಡಿಸಲು ಕತ್ತರಿಸುವಾಗ ಎಳೆಗೆ ಅಡ್ಡವಾಗಿ ಕತ್ತರಿಸು.

ಮುಂದಿನ ಸಲ ಮಾಂಸ ತರುವಾಗ ಭಾಗದ ಹೆಸರು ಹೇಳಿಯೇ ಕೇಳು, ಬೇರೆ ಬೇರೆ ಕಟ್ಟಿಸು. ಯಾವುದು ತಂದೆ, ಎಷ್ಟು ಹೊತ್ತು ಬೇಯಿಸಿದೆ ಅಂತ ನನಗೆ ಬರಿ. ಅಪ್ಪನಿಗೆ ಅಗಿಯಲು ಕಷ್ಟ ಅಲ್ವಾ, ಅವರಿಗೆ ಮುಂಗಾಲಿನದನ್ನೇ ಕೊಡು. ಇಬ್ಬರಿಗೂ ನನ್ನ ನಮಸ್ಕಾರ ಹೇಳು.

ನಿನ್ನ ಅಕ್ಕ