ಮುಳ್ಳಿನ ಉಂಡೆಯ ಫೋಟೊ ಕಳಿಸಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಅರಿಜೋನಾದ ಹೈವೇ, ಪಕ್ಕದ ತಂತಿಬೇಲಿಗೆ ಸಿಕ್ಕಿಕೊಂಡ ಒಣ ಮುಳ್ಳಿನ ಉಂಡೆ. ಕೌಬಾಯ್ ಸಿನಿಮಾದಲ್ಲಿ ಉರುಳುತ್ತಲ್ಲ, ಅದೇ ಟಂಬಲ್‌ವೀಡ್ ಅಂತ ಬರೆದಿದ್ದೀಯ. ಅದರ ಕೆಳಗೇ ಇನ್ನೊಂದು ಸಾಲು: "ಆ ಹಾಡುವ ಕೌಬಾಯ್‌ಗಳದ್ದೆಲ್ಲ ಬರೀ ವೇಷ ಬಿಡು ಮಾರಾಯ." ಎರಡು ದಿನದಿಂದ ಆ ಸಾಲು ತಲೆಯಲ್ಲಿ ಸುತ್ತುತ್ತಿದೆ. ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಹಾಡುತ್ತಿದ್ದ ಆ ಕೌಬಾಯ್‌ಗಳ, ಅದರಲ್ಲೂ 'ಸನ್ಸ್ ಆಫ್ ದಿ ಪಯೊನೀರ್ಸ್' ಎಂಬ ತಂಡದ ಪರವಾಗಿ ಈ ಪತ್ರ.

ಮೊದಲು ಆ ಗಿಡದ ವಿಷಯ. ಅದು ಅಮೆರಿಕದ್ದೇ ಅಲ್ಲ, ಗೊತ್ತಾ? 1870ರ ದಶಕದಲ್ಲಿ ರಷ್ಯಾ ಕಡೆಯಿಂದ ಬಂದ ಅಗಸೆ ಬೀಜದಲ್ಲಿ ಸೇರಿಕೊಂಡು ಸೌತ್ ಡಕೋಟಾಕ್ಕೆ ಬಂತು. ಒಣಗಿದ ಮೇಲೆ ಬುಡದಲ್ಲೇ ಮುರಿದುಕೊಳ್ಳುತ್ತದೆ. ಗಾಳಿ ಬೀಸಿದ ಕಡೆಗೆ ಉರುಳುತ್ತಾ ದಾರಿಯುದ್ದಕ್ಕೂ ಬೀಜ ಚೆಲ್ಲುತ್ತದೆ. ಹೀಗೇ ಪಶ್ಚಿಮದ ಬಯಲನ್ನೆಲ್ಲ ತುಂಬಿತು.

ಆ ಗಿಡದ ಹೆಸರನ್ನು ಹಾಡಿನಿಂದ ಮನೆಮನೆಗೆ ಮುಟ್ಟಿಸಿದ, ಆ ತಂಡದ ಬಾಬ್ ನೋಲನ್ ಕೂಡ ಹೊರಗಿನವನೇ. 1908ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಅಪ್ಪನ ಹತ್ತಿರ ಇರಲು ಅರಿಜೋನಾದ ಟಕ್ಸನ್‌ಗೆ ಬಂದ. ಈಗ ನೀನು ಕಾರಿನಲ್ಲಿ ಓಡಾಡುತ್ತೀಯಲ್ಲ, ಅದೇ ಟಕ್ಸನ್. ಅಲ್ಲಿಯ ಮರುಭೂಮಿ ಅವನನ್ನು ಹಿಡಿದುಕೊಂಡಿತು. ಕೊನೆಯವರೆಗೂ ಬಿಡಲಿಲ್ಲ.

ಅವನ ಜೊತೆಗಾರ ಲೆನರ್ಡ್ ಸ್ಲೈ ಒಹಾಯೊದವನು. ಆರ್ಥಿಕ ಕುಸಿತದ ಕಾಲ. 1930ರಲ್ಲಿ ಮನೆಯವರ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದ. ಟ್ರಕ್ ಓಡಿಸಿದ, ತೋಟಗಳಲ್ಲಿ ಪೀಚ್ ಹಣ್ಣು ಕಿತ್ತ. ಮೂರನೆಯವನು ಟಿಮ್ ಸ್ಪೆನ್ಸರ್, ಮಿಸ್ಸೌರಿಯಲ್ಲಿ ಹುಟ್ಟಿದವನು. 1933ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಈ ಮೂವರು ಸೇರಿ ಹಾಡತೊಡಗಿದರು. ಪಯೊನೀರ್ ಟ್ರಿಯೊ ಎಂದು ಹೆಸರಿಟ್ಟುಕೊಂಡರು. ಸ್ವಲ್ಪ ದಿನಕ್ಕೇ ಟೆಕ್ಸಾಸ್‌ನ ಹ್ಯೂ ಫಾರ್ ಪಿಟೀಲು ಹಿಡಿದು ಬಂದ, ಅವನ ಹಿಂದೆ ತಮ್ಮ ಕಾರ್ಲ್ ಗಿಟಾರ್ ಹಿಡಿದು ಬಂದ. ರೇಡಿಯೊದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದವನೊಬ್ಬ ಒಂದು ದಿನ ಇವರನ್ನು 'ಸನ್ಸ್ ಆಫ್ ದಿ ಪಯೊನೀರ್ಸ್' ಎಂದು ಕರೆದುಬಿಟ್ಟ. ಹಳೆಯ ವಲಸೆಗಾರರು ಅನ್ನಿಸಿಕೊಳ್ಳಲು ಇವರು ತೀರಾ ಎಳೆಯರು, ಅವರ ಮಕ್ಕಳು ಅಂದರೆ ಸರಿ ಅಂತ ಅವನ ಲೆಕ್ಕ. ಅದೇ ಹೆಸರು ಉಳಿಯಿತು.

ಈಗ ಆ ಹಾಡು. ನೋಲನ್ ಆಗ ಗಾಲ್ಫ್ ಮೈದಾನದಲ್ಲಿ ಆಡುವವರ ಚೀಲ ಹೊರುತ್ತಿದ್ದ. ಒಂದು ದಿನ ಜೋರು ಗಾಳಿ. ಉದುರಿದ ಎಲೆಗಳು ಉರುಳಿಕೊಂಡು ಹೋಗುವುದನ್ನು ನೋಡಿ 'ಉರುಳುವ ಎಲೆಗಳು' ಎಂದು ಹಾಡು ಕಟ್ಟಿದ. ರೇಡಿಯೊ ಕೇಳಿದವರ ಕಿವಿಗೆ ಎಲೆಯ ಬದಲು ಟಂಬಲ್‌ವೀಡ್ ಎಂದು ಬಿತ್ತು. ಆ ಟಂಬಲ್‌ವೀಡ್ ಹಾಡು ಹಾಡಿ ಎಂದು ಕೇಳತೊಡಗಿದರು. ನೋಲನ್ ಮಾತನ್ನೂ ಮಟ್ಟನ್ನೂ ಬದಲಿಸಿದ. 1934ರ ಆಗಸ್ಟ್‌ನಲ್ಲಿ ಡೆಕ್ಕಾ ಕಂಪನಿಗೆ 'ಟಂಬ್ಲಿಂಗ್ ಟಂಬಲ್‌ವೀಡ್ಸ್' ರೆಕಾರ್ಡ್ ಮಾಡಿದರು. ಮರುವರ್ಷವೇ ಹಾಡುವ ಕೌಬಾಯ್ ನಟ ಜೀನ್ ಆಟ್ರಿಯ ಒಂದು ಸಿನಿಮಾಕ್ಕೆ ಅದೇ ಹೆಸರು. ಕೇಳಿದವರು ತಪ್ಪಾಗಿ ಕೇಳಿಸಿಕೊಂಡು ಹಾಡನ್ನು ಇನ್ನೂ ಚೆನ್ನಾಗಿ ಮಾಡಿದರು. ಬೇರು ಕಳಚಿಕೊಂಡು ಊರೂರು ಅಲೆಯುತ್ತಿದ್ದ ಆ ಕಾಲದ ಜನಕ್ಕೆ ಎಲೆಗಿಂತ ಆ ಮುಳ್ಳಿನ ಉಂಡೆಯೇ ಹತ್ತಿರ, ಅಲ್ವಾ?

ನಾನು ಭಜನೆಯಲ್ಲಿ ಹಾಡಿ ಬೆಳೆದವನು, ನಿನಗೆ ಗೊತ್ತು. ಅಲ್ಲಿ ಇಪ್ಪತ್ತು ಜನ ಸೇರಿದರೂ ಹಿಡಿಯುವ ಸ್ವರ ಒಂದೇ. ಇವರ ಹಾಡು ಮೊದಲ ಸಲ ಕೇಳಿದಾಗ ನಾನು ಬೆಚ್ಚಿದ್ದೆ. ಒಬ್ಬ ಸ, ಒಬ್ಬ ಗ, ಇನ್ನೊಬ್ಬ ಪ ಹಿಡಿದ ಹಾಗೆ ಮೂರು ಗಂಟಲು ಒಟ್ಟಿಗೆ ಹೊರಡುತ್ತವೆ. ಉಸಿರು ಮಾತ್ರ ಒಂದೇ. ಪದ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎನ್ನುವುದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಕೆಳಗಿನಿಂದ ಹ್ಯೂ ಫಾರ್‌ನ ದಪ್ಪ ದನಿ. ಗಂಟಲು ಮುರಿದು ಮೇಲಕ್ಕೆ ಹಾರಿಸುವ ಯೋಡೆಲ್ ಇದೆಯಲ್ಲ, ಅದನ್ನೂ ಮೂವರು ಒಟ್ಟಿಗೆ ಮಾಡುತ್ತಿದ್ದರು. ಗಂಟೆಗಟ್ಟಲೆ ಅಭ್ಯಾಸ ಮಾಡದೆ ಹೀಗೆ ಕೂಡಲು ಸಾಧ್ಯವೇ ಇಲ್ಲ.

ಇನ್ನು 'ಕೂಲ್ ವಾಟರ್'. ಇದೂ ನೋಲನ್‌ದೇ. ನೀರಿಲ್ಲದ ಮರಳಿನಲ್ಲಿ ಒಬ್ಬ ಮನುಷ್ಯ, ಡ್ಯಾನ್ ಎಂಬ ಅವನ ಹೇಸರಗತ್ತೆ. ಇಬ್ಬರ ಗಂಟಲೂ ಒಣಗಿದೆ. ದೂರದಲ್ಲಿ ನೀರು ಕಾಣುತ್ತದೆ. ಅದು ಸೈತಾನ ಹರಡಿದ ಮೋಸದ ನೀರು, ನಂಬಬೇಡ, ನಡೆ ಎಂದು ಡ್ಯಾನ್‌ಗೆ ಹೇಳುತ್ತಾನೆ. ಸಾಲು ಮುಗಿದಾಗೆಲ್ಲ ಹಿಂದಿನವರು 'ನೀರು, ನೀರು' ಎಂದು ದನಿಗೂಡಿಸುತ್ತಾರೆ. ಆ ದನಿ ಮನುಷ್ಯರದ್ದೋ ಬಯಲಿನದ್ದೋ ತಿಳಿಯುವುದಿಲ್ಲ. ಕೇಳುವಾಗೆಲ್ಲ ನನಗೆ ನೆನಪಾಗುವುದು ನಮ್ಮ ಪದ, ಬಿಸಿಲುಗುದುರೆ. ಕುದುರೆ ಸವಾರರ ಹಾಡಿಗೆ ಇದಕ್ಕಿಂತ ಒಳ್ಳೆಯ ಪದ ಬೇರೆ ಯಾವ ಭಾಷೆಯಲ್ಲಿ ಸಿಗುತ್ತದೆ ಹೇಳು.

ವೇಷ ಇತ್ತು, ಒಪ್ಪುತ್ತೇನೆ. ಝಾಲರಿ ಅಂಗಿ, ಬೆಳ್ಳನೆಯ ಟೋಪಿ, ಎಲ್ಲ ಹಾಲಿವುಡ್‌ದು. ಆಟ್ರಿ ಮತ್ತು ಸ್ಟುಡಿಯೊ ನಡುವೆ ಜಗಳವಾದಾಗ 1938ರಲ್ಲಿ ಸ್ಲೈಯನ್ನು ರಾಯ್ ರೋಜರ್ಸ್ ಎಂಬ ಹೊಸ ಹೆಸರಿನಲ್ಲಿ ನಾಯಕನನ್ನಾಗಿ ಮಾಡಿದ್ದೂ ವ್ಯಾಪಾರವೇ. ಆದರೆ ಹಾಡುವುದು ಸಿನಿಮಾದವರು ಹುಟ್ಟಿಸಿದ್ದಲ್ಲ. ನಿಜವಾಗಿ ದನ ಹೊಡೆಯುತ್ತಿದ್ದವರೂ ರಾತ್ರಿ ಮಂದೆಯ ಸುತ್ತ ಕುದುರೆ ಮೇಲೆ ಕಾವಲು ತಿರುಗುವಾಗ ಹಾಡುತ್ತಿದ್ದರು. ಕತ್ತಲಲ್ಲಿ ಸಣ್ಣ ಸದ್ದಿಗೆ ಬೆದರಿ ಇಡೀ ಮಂದೆ ಓಡಿಬಿಡಬಾರದು, ಅದಕ್ಕೆ.

ಕಾರ್ಲ್ ಫಾರ್ 1961ರಲ್ಲಿ ವೇದಿಕೆಯ ಮೇಲೆ ಗಿಟಾರ್ ನುಡಿಸುತ್ತಿದ್ದಾಗಲೇ ಕುಸಿದು ಹೋದ. ನೋಲನ್ ತೀರಿಕೊಂಡದ್ದು 1980ರಲ್ಲಿ. ಅವನ ಬೂದಿಯನ್ನು ನೆವಾಡಾದ ಮರುಭೂಮಿಯಲ್ಲಿ ಚೆಲ್ಲಿದರು. ಜೀವಮಾನವೆಲ್ಲ ಹಾಡಿದ ಮರಳಿಗೇ ಹೋಗಿ ಸೇರಿದವನನ್ನು ವೇಷಧಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ ಕಣೋ.

ಮುಂದಿನ ಸಲ ಟಕ್ಸನ್ ಕಡೆ ಹೊರಟಾಗ ಮಧ್ಯಾಹ್ನ ಎಲ್ಲಾದರೂ ಕಾರು ನಿಲ್ಲಿಸು. ಕುಡಿಯುವ ನೀರು ಜಾಸ್ತಿಯೇ ಇಟ್ಟುಕೊಂಡಿರು. 'ಕೂಲ್ ವಾಟರ್' ಹಾಕಿ, ಕಣ್ಣು ತೆರೆದುಕೊಂಡೇ ಪೂರ್ತಿ ಕೇಳು. ಎದುರಿಗೆ ಡಾಂಬರಿನ ಮೇಲೆ ನೀರು ಹರಿದ ಹಾಗೆ ಕಂಡರೆ ನನಗೊಂದು ಸಾಲು ಬರಿ.

ನಿನ್ನ ಹಳೆಯ ರೂಮ್‌ಮೇಟ್